ಹಿಮದಲ್ಲಿ ಸೈಕಲ್ಲಿನ ಹಿಂದಿನ ದೀಪ ಮಂಕಾಗುತ್ತಿತ್ತು, ಸರಿಹೋಗಿದ್ದು ಹೀಗೆ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ 4.30ರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಆಫೀಸಿನಿಂದ ಹೊರಡುವಾಗ ಚೆನ್ನಾಗಿ ಉರಿಯುತ್ತಿದ್ದ ಹಿಂದಿನ ಕೆಂಪು ದೀಪ ಮನೆ ತಲುಪುವಷ್ಟರಲ್ಲಿ ಕಾಣುತ್ತಲೇ ಇರಲಿಲ್ಲ. ಕಾರುಗಳು ತೀರಾ ಹತ್ತಿರ ಬಂದು ಬ್ರೇಕ್ ಹಾಕುತ್ತಿದ್ದವು.

ಜಾಸ್ತಿ ಬೆಳಕಿನ ದೀಪ ತಂದೆ, ಅದೂ ಹಾಗೇ ಆಯಿತು. ಹೊಸ ಆಲ್ಕಲೈನ್ ಬ್ಯಾಟರಿ ಚಳಿಗೆ ಬೇಗ ಸೋತವು. ಹಳದಿ ಜಾಕೆಟ್ ಹಗಲಿಗೆ ಸರಿ, ಕತ್ತಲಲ್ಲಿ ಬಣ್ಣ ಕಾಣಬೇಕಲ್ವಾ?

ದೀಪವನ್ನು ಬೆರಳಿಂದ ಕೆರೆದಾಗ ಕಾರಣ ಸಿಕ್ಕಿತು. ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪು ಬೆರೆತ, ಚಕ್ರ ಎರಚಿದ ಕಂದು ಕೆಸರು ಅದರ ಮೇಲೆ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಮೊದಲು ಹಿಂದಿನ ಚಕ್ರಕ್ಕೆ ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕಿ. ಟೈರಿಗೂ ಅದಕ್ಕೂ ಬೆರಳಗಲ ಸಂದು ಇರಲಿ, ಇಲ್ಲದಿದ್ದರೆ ಹಿಮ ತುಂಬಿ ಚಕ್ರ ಹಿಡಿದುಕೊಳ್ಳುತ್ತದೆ. ಆಮೇಲೆ ದೀಪವನ್ನು ಸೀಟಿನ ಕೆಳಗೇ, ಆದಷ್ಟು ಎತ್ತರದಲ್ಲಿ ಕಟ್ಟಿ. ಜಾಕೆಟ್ ಅಂಚು ಅಡ್ಡ ಬರಬಾರದು, ಬೆಳಕು ನೆಲಕ್ಕಲ್ಲ, ನೇರ ಹಿಂದಕ್ಕೆ ಬೀಳಬೇಕು. ಒಳಗೆ 1.5 ವೋಲ್ಟಿನ ಲಿಥಿಯಂ ಎಎ ಬ್ಯಾಟರಿ, ಮೈನಸ್ 20 ಡಿಗ್ರಿಯಲ್ಲೂ ನಡೆಯುತ್ತದೆ. ಮಿನುಗುವ ಮೋಡ್ ಬೇಡ, ಒಂದೇ ಸಮನೆ ಉರಿಯಲಿ. ಆಗ ಹಿಂದಿನವರಿಗೆ ದೂರದ ಅಂದಾಜು ಸಿಗುತ್ತದೆ.

ಕೊನೆಗೆ, ಪ್ಯಾಂಟಿನ ಮೇಲೆ ಎರಡೂ ಕಣಕಾಲಿಗೆ ರಿಫ್ಲೆಕ್ಟರ್ ಪಟ್ಟಿ. ಪೆಡಲ್ ಜೊತೆ ಅದು ಮೇಲೆ ಕೆಳಗೆ ಆಡುವುದರಿಂದ ಸೈಕಲ್ ಎಂದು ಬೇಗ ಗೊತ್ತಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಕೈಗವಸಿನಿಂದ ದೀಪವನ್ನು ಒಮ್ಮೆ ಒರೆಸಿಕೊಳ್ಳಿ.