ಭಾರತದ ಪಾಸ್‌ಪೋರ್ಟ್ ಇದ್ದರೂ ಲಂಡನ್ ಮೇಯರ್ ಚುನಾವಣೆಯಲ್ಲಿ ನಿಮಗೆ ಮತವಿದೆ

ಲಂಡನ್ನಿಗೆ ಬಂದು ಹತ್ತು ವರ್ಷವಾದರೂ ಒಮ್ಮೆಯೂ ಮತ ಹಾಕದ ಕನ್ನಡಿಗರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. "ನಮ್ಮದಿನ್ನೂ ಭಾರತದ ಪಾಸ್‌ಪೋರ್ಟ್ ಅಲ್ಲವೇ?" ಎನ್ನುತ್ತಾರೆ. ಅಷ್ಟೇ ಸಾಕು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿ ವಾಸಿಸಲು ಅನುಮತಿಯಿರುವ, 18 ತುಂಬಿದ ಭಾರತೀಯರು ಮೇಯರ್ ಚುನಾವಣೆಯಲ್ಲಷ್ಟೇ ಅಲ್ಲ, ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ವಿದ್ಯಾರ್ಥಿಗಳಿಗೂ ಈ ಹಕ್ಕಿದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಲಂಡನ್ನಿನಲ್ಲಿ ಮೇಯರ್‌ಗಳು ಹಲವರು. ನಗರದ 32 ಬರೋಗಳ (ತಮ್ಮದೇ ಕೌನ್ಸಿಲ್ ಇರುವ ಆಡಳಿತ ವಿಭಾಗಗಳ) ಪೈಕಿ ಹೆಚ್ಚಿನವುಗಳಲ್ಲಿ ಮೇಯರ್ ಎಂದರೆ ಕೌನ್ಸಿಲರ್‌ಗಳೇ ವರ್ಷಕ್ಕೊಮ್ಮೆ ಆರಿಸುವ ಗೌರವದ ಹುದ್ದೆ, ನಮ್ಮ ಊರಿನ ಪಾಲಿಕೆಗಳಲ್ಲಿ ಕಂಡಂತೆಯೇ. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಲು ಶ್ರಮಿಸಿದ ಕಲಬುರಗಿ ಮೂಲದ ನೀರಜ್ ಪಾಟೀಲರು ಲ್ಯಾಂಬೆತ್ ಬರೋದಲ್ಲಿ ಅಂಥ ಮೇಯರ್ ಆಗಿದ್ದವರು. ಕ್ರಾಯ್ಡನ್, ಟವರ್ ಹ್ಯಾಮ್ಲೆಟ್ಸ್ ಮುಂತಾದ ಕೆಲವೆಡೆ ಮಾತ್ರ ಜನರೇ ಮೇಯರನ್ನು ಆರಿಸುತ್ತಾರೆ. ಇವರೆಲ್ಲರಿಗಿಂತ ಬೇರೆ, ಇಡೀ ನಗರಕ್ಕೆ ಒಬ್ಬರೇ ಆದ ಲಂಡನ್ ಮೇಯರ್.

ಆ ಹುದ್ದೆಯ ಹಿಂದೆ ಒಂದು ಪಾಠವಿದೆ. 1986ರಲ್ಲಿ ಥ್ಯಾಚರ್ ಸರ್ಕಾರ ನಗರದ ಮಹಾಮಂಡಳಿಯನ್ನೇ ರದ್ದುಮಾಡಿತು. ಹದಿನಾಲ್ಕು ವರ್ಷ ಇಡೀ ಲಂಡನ್ನಿಗೆಂದು ಚುನಾಯಿತ ಆಡಳಿತವಿರಲಿಲ್ಲ. 2020ರಿಂದ ಕಾರ್ಪೊರೇಟರ್‌ಗಳಿಲ್ಲದೆ ಬದುಕಿದ ಬೆಂಗಳೂರಿನವರಿಗೆ ಆ ನೋವು ಅರ್ಥವಾದೀತು. 1998ರ ಜನಮತಗಣನೆಯಲ್ಲಿ ಶೇ. 72ರಷ್ಟು ಮತಗಳು ಚುನಾಯಿತ ಮೇಯರ್ ಮತ್ತು ಅಸೆಂಬ್ಲಿಯ ಹೊಸ ವ್ಯವಸ್ಥೆಯ ಪರವಾಗಿ ಬಿದ್ದವು. 2000ದಲ್ಲಿ ಕೆನ್ ಲಿವಿಂಗ್‌ಸ್ಟನ್ ಮೊದಲ ಮೇಯರ್ ಆದರು.

ಬಸ್ಸು, ಟ್ಯೂಬ್ (ಸುರಂಗ ರೈಲು), ಪೊಲೀಸ್ ಬಜೆಟ್, ಅಗ್ನಿಶಾಮಕ ದಳ, ನಗರ ಯೋಜನೆ ಮೇಯರ್ ಕೈಯಲ್ಲಿವೆ. ಕಸ, ಗ್ರಂಥಾಲಯ, ಶಾಲಾ ಪ್ರವೇಶ ಬರೋ ಕೌನ್ಸಿಲ್‌ನವು. ನಿಮ್ಮ ಕೌನ್ಸಿಲ್ ತೆರಿಗೆಯ ಬಿಲ್ ತೆಗೆದು ನೋಡಿ, ಮೇಯರ್ ಆಡಳಿತದ ಪಾಲು ಬೇರೆಯೇ ಸಾಲಿನಲ್ಲಿದೆ. ಮೇಯರ್ ಮಂಡಿಸುವ ಬಜೆಟ್ಟನ್ನು ತಿದ್ದಲು, ಅವರ ಮೇಲೆ ಕಣ್ಣಿಡುವ 25 ಸದಸ್ಯರ ಲಂಡನ್ ಅಸೆಂಬ್ಲಿಯಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಇಷ್ಟು ಕಟ್ಟುನಿಟ್ಟು ಒಳ್ಳೆಯದಲ್ಲ ಎಂಬುದು ನನ್ನ ಅನಿಸಿಕೆ.

ಮೇಯರ್ ಮತಪತ್ರದಲ್ಲಿ ಮೊದಲ ಮತ್ತು ಎರಡನೇ ಆಯ್ಕೆಗಳನ್ನು ಗುರುತಿಸುವ ಪದ್ಧತಿ 2022ರ ಕಾಯ್ದೆಯಿಂದ ಹೋಯಿತು. 2024ರಲ್ಲಿ ಸಾದಿಕ್ ಖಾನ್ ಮೂರನೇ ಬಾರಿ ಗೆದ್ದದ್ದು ಒಬ್ಬರಿಗಷ್ಟೇ ಗುರುತು ಹಾಕುವ ಮತದಾನದಲ್ಲಿ.

ಮತಗಟ್ಟೆಯಲ್ಲಿ ಮೂರು ಮತಪತ್ರ ಕೊಡುತ್ತಾರೆ: ಒಂದು ಮೇಯರ್‌ಗೆ, ಎರಡು ಅಸೆಂಬ್ಲಿಗೆ. ಭಾವಚಿತ್ರವಿರುವ ಗುರುತುಪತ್ರ ಕಡ್ಡಾಯ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಹೆಸರನ್ನು ಮಾತ್ರ ಮತದಾನಕ್ಕೆ 12 ಕೆಲಸದ ದಿನಗಳ ಮೊದಲೇ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಿರಬೇಕು. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೈಯಲ್ಲಿರಲಿ. ಮುಂದಿನ ಚುನಾವಣೆ 2028ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಬಾಡಿಗೆ ಮನೆ ಬದಲಿಸಿದರೆ, ಹೊಸ ವಿಳಾಸದಲ್ಲಿ ಮತ್ತೆ ನೋಂದಾಯಿಸಿಕೊಳ್ಳಿ.