ಮೊದಲು ಚಾರ್ಜರ್, ಆಮೇಲೆ ಮಾತು

ಲೈಂಗಿಕ ಶೋಷಣೆಗೆ ಸಿಲುಕಿದ ಹದಿಹರೆಯದವರನ್ನು ಅವರಿರುವಲ್ಲಿಗೇ ಹೋಗಿ ಕಾಣುವುದು ನನ್ನ ಕೆಲಸ. ಮೊದಲ ಭೇಟಿಯಲ್ಲಿ ‘ಏನಾಯಿತು?’ ಎಂದು ನಾನು ಕೇಳುವುದಿಲ್ಲ. ಮನೆಯವರು, ಪೊಲೀಸರು, ವೈದ್ಯರು ಎಲ್ಲರೂ ಅದನ್ನೇ ಕೇಳಿರುತ್ತಾರೆ. ನನ್ನ ಚೀಲದಲ್ಲಿ ನೀರು, ಸ್ಯಾನಿಟರಿ ಪ್ಯಾಡ್, ಮೊಬೈಲ್ ಚಾರ್ಜರ್ ಇರುತ್ತವೆ. ಚಾರ್ಜರ್‌ಗಿರುವ ಬೇಡಿಕೆ ನನ್ನ ಬುದ್ಧಿಮಾತಿಗೆ ಎಂದೂ ಬಂದಿಲ್ಲ. ಫೋನು ಚಾರ್ಜ್ ಆಗುವಷ್ಟು ಹೊತ್ತು ಪಕ್ಕದಲ್ಲಿ ಕುಳಿತಿರುತ್ತೇನೆ. ಮಾತು ಹೊರಡದಿದ್ದರೆ ಮುಂದಿನ ವಾರ ಇದೇ ಹೊತ್ತಿಗೆ ಬರುತ್ತೇನೆಂದು ಹೇಳಿ, ತಪ್ಪದೆ ಬರುತ್ತೇನೆ.

ತಮ್ಮನ್ನು ಬಳಸಿಕೊಳ್ಳಲಾಗುತ್ತಿದೆ ಎಂದು ಹಲವರಿಗೆ ಅನ್ನಿಸಿರುವುದೇ ಇಲ್ಲ. ‘ಅವನು ನನ್ನನ್ನು ಪ್ರೀತಿಸುತ್ತಾನೆ’ ಎನ್ನುತ್ತಾರೆ. ಅವನನ್ನು ಬೈದರೆ ಅವನ ಪರವಾಗಿಯೇ ವಾದಕ್ಕೆ ನಿಲ್ಲುತ್ತಾರೆ. ಅದಕ್ಕೆ ನಾನು, ‘ಬೇಡ ಎಂದರೆ ಅವನು ಏನು ಮಾಡುತ್ತಾನೆ?’ ಎಂದಷ್ಟೇ ಕೇಳಿ ಸುಮ್ಮನಾಗುತ್ತೇನೆ. ‘ಅವಳೇ ಒಪ್ಪಿ ಹೋದಳಲ್ಲ’ ಎನ್ನುವ ಸಹೋದ್ಯೋಗಿಗಳಿಗೆ ಮಾತ್ರ ಮಾನವ ಕಳ್ಳಸಾಗಣೆ ತಡೆಯಲು ವಿಶ್ವಸಂಸ್ಥೆ 2000ದಲ್ಲಿ ತಂದ ಪಲೆರ್ಮೊ ಪ್ರೊಟೊಕಾಲ್ ಎಂಬ ಒಪ್ಪಂದವನ್ನು ನೆನಪಿಸುತ್ತೇನೆ: 18 ವರ್ಷದೊಳಗಿನವರನ್ನು ಶೋಷಣೆಗೆಂದು ಕರೆದೊಯ್ದರೆ ಬಲವಂತ, ಮೋಸ ಯಾವುದೂ ಇರಬೇಕಿಲ್ಲ, ಅದು ಮಾನವ ಕಳ್ಳಸಾಗಣೆಯೇ. ಹುಡುಗರ ವಿಷಯದಲ್ಲಂತೂ ಶೋಷಣೆಯ ಅನುಮಾನವೇ ಯಾರಿಗೂ ಬರುವುದಿಲ್ಲ.

‘ಅಕ್ಕಾ, ಯಾರಿಗೂ ಹೇಳಬೇಡಿ’ ಎಂದಾಗ ಹೂಂಗುಟ್ಟುವುದು ಸುಲಭ. ಆದರೆ ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ನಾನು ತಿಳಿಸಲೇಬೇಕಾಗುತ್ತದೆ. ಅದನ್ನು ಅವರು ಬಾಯಿ ಬಿಡುವ ಮುನ್ನವೇ ಹೇಳುತ್ತೇನೆ, ತಿಳಿಸುವಾಗ ಅವರನ್ನೂ ಜೊತೆಗಿಟ್ಟುಕೊಳ್ಳುತ್ತೇನೆ.

ಇಷ್ಟೆಲ್ಲ ತಾಳ್ಮೆ ಆರೋಗ್ಯದ ವಿಷಯದಲ್ಲಿ ನಡೆಯದು. ಎಚ್‌ಐವಿ ತಡೆಯುವ ಔಷಧ ಲೈಂಗಿಕ ಸಂಪರ್ಕವಾದ 72 ಗಂಟೆಯೊಳಗೆ ಶುರುವಾಗಬೇಕು, ಬೇಗನಾದಷ್ಟೂ ಒಳ್ಳೆಯದು. ತುರ್ತು ಗರ್ಭನಿರೋಧಕಕ್ಕೆ ಹೆಚ್ಚೆಂದರೆ ಐದು ದಿನ. ಆಸ್ಪತ್ರೆಗೆ ನಾನೇ ಜೊತೆಗೆ ಹೋಗುತ್ತೇನೆ. ವಿಳಾಸದ ಚೀಟಿ ಕೊಟ್ಟರೆ ಅದು ಜೇಬಿನಲ್ಲೇ ಉಳಿಯುತ್ತದೆ.

ಅವರ ಫೋನನ್ನು ಶೋಷಿಸುವವನೂ ನೋಡುತ್ತಾನೆ ಎಂದೇ ಎಣಿಸಿ ನಡೆಯಬೇಕು. ಯಾವಾಗ ಕರೆ ಮಾಡಬಹುದು, ನನ್ನ ನಂಬರಿಗೆ ಯಾವ ಹೆಸರು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ನಾನಾಗಿ ಸಂದೇಶ ಕಳಿಸುವುದಿಲ್ಲ.

ಬಿಟ್ಟು ಬಂದವರು ಅವನ ಬಳಿಗೇ ಮರಳುವುದುಂಟು, ಒಮ್ಮೆಯಲ್ಲ, ಹಲವು ಸಲ. ಆಗ ‘ಸಹಕರಿಸುತ್ತಿಲ್ಲ’ ಎಂದು ಬರೆದು ಕಡತ ಮುಚ್ಚುವ ಪದ್ಧತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ನನ್ನ ಟಿಪ್ಪಣಿಯಲ್ಲಿ ನಾನು ಭೇಟಿಗೆ ಹೋದ ದಿನಾಂಕ, ಅವರು ಆಡಿದ ಮಾತು ಇದ್ದ ಹಾಗೆಯೇ, ಮುಂದಿನ ಭೇಟಿಯ ಹೊತ್ತು ಇಷ್ಟೇ ಇರುತ್ತವೆ.