ಫೋನಿನಲ್ಲಿ ಹರಿಕಥೆ: ಹೂಂಗುಟ್ಟುವ ಅಜ್ಜಿ ಸಿಕ್ಕ ಮೇಲೆ

"ಫೋನಿನಲ್ಲಿ ಹರಿಕಥೆಯೇ? ಮೊದಲು ಅದಕ್ಕೆ ಗೆಜ್ಜೆ ಕಟ್ಟಪ್ಪ" ಎಂದು ನಕ್ಕಿದ್ದ ಹಿರಿಯ ದಾಸರೊಬ್ಬರು ಕಳೆದ ತಿಂಗಳು ಕರೆಮಾಡಿ, ಯಾವ ಮೈಕ್ ಕೊಳ್ಳಲಿ ಎಂದು ಕೇಳಿದರು. ಆ ಸಂತೋಷಕ್ಕೆ ಇದನ್ನು ಬರೆಯುತ್ತಿದ್ದೇನೆ.

2020ರ ಲಾಕ್‌ಡೌನಿನಲ್ಲಿ ನನ್ನ ರಾಮನವಮಿಯ ಹರಿಕಥೆ ಕಾರ್ಯಕ್ರಮಗಳೆಲ್ಲ ಕೈತಪ್ಪಿದಾಗ, ಮನೆಯಿಂದಲೇ ವಿಡಿಯೊದಲ್ಲಿ ಕಥೆ ಮಾಡೋಣವೆಂದು ಕ್ಯಾಮೆರಾ, ದೀಪ, ಪರದೆ ಎಂದು 18,000 ರೂಪಾಯಿಯಷ್ಟು ಸುರಿದೆ. ಮೃದಂಗದವರು ಅವರ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ನನ್ನ ಪದ ಅವರನ್ನು ತಲುಪಿ ಅವರ ಪೆಟ್ಟು ನನಗೆ ಮರಳುವಷ್ಟರಲ್ಲಿ ತಾಳ ಹಳ್ಳ ಹಿಡಿದಿರುತ್ತಿತ್ತು. ಸದ್ದಡಗಿಸುವ ಸೌಲಭ್ಯವೊಂದಿದೆಯಲ್ಲ, ಅದು ಶ್ರುತಿಪೆಟ್ಟಿಗೆಯನ್ನು ಫ್ಯಾನಿನ ಸದ್ದೆಂದು ತಿಳಿದು ನುಂಗಿತು. ಕೈಯಲ್ಲಿ ಹಿಡಿದು ತಾಳ ಹಾಕುವ ಚಿಟಿಕೆಗೂ ಅದೇ ಗತಿ. ನೋಡುತ್ತಿದ್ದವರು ಹನ್ನೊಂದು ಮಂದಿ, ಮೂವರು ನಮ್ಮ ಮನೆಯವರೇ. ಆ ಸದ್ದಡಗಿಸುವ ಸೌಲಭ್ಯವನ್ನು ಆಫ್ ಮಾಡಿಡಬಹುದೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಧ್ವನಿ ಸರಿಹೋದರೂ ಕಥೆ ಏಳಲಿಲ್ಲ. ಕ್ಯಾಮೆರಾ ಹೂಂಗುಟ್ಟುವುದಿಲ್ಲ. ಜನ ನಕ್ಕರೋ ಆಕಳಿಸಿದರೋ ತಿಳಿಯದೆ ಉಪಕಥೆಗಳನ್ನು ರಬ್ಬರಿನಂತೆ ಎಳೆದೆ.

ಕೊನೆಗೆ ವಿಡಿಯೊ ಬಿಟ್ಟೆ. ಪಕ್ಕದ ಮನೆಯ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಫೋನನ್ನು ಮಡಿಸಿದ ಕಂಬಳಿಯ ಮೇಲಿಟ್ಟು, ಬರಿಯ ಧ್ವನಿ ಮುದ್ರಿಸಿದೆ. ಆಕೆಯ "ಹೂಂ", "ಅಯ್ಯೋ ಪಾಪಿ" ಎಲ್ಲವೂ ಅದರಲ್ಲಿ ಉಳಿದವು. ಅವನ್ನು ಕತ್ತರಿಸು ಎಂದರು ಗೆಳೆಯರು. ಕತ್ತರಿಸಲಿಲ್ಲ. ಕಥೆಗೆ ಮುಂಚಿನ ಪೀಠಿಕೆಯಾದ ಪೂರ್ವರಂಗಕ್ಕೆ ಎರಡೇ ನಿಮಿಷ, ಒಟ್ಟು ಇಪ್ಪತ್ತು ನಿಮಿಷದ ತುಂಡು, ರಾತ್ರಿ ಒಂಬತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ. ತುಂಡನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ನೀವು ಊಹಿಸುತ್ತಿರುವ ಜಾಗವಂತೂ ಅಲ್ಲ. ನಾಲ್ಕನೆಯ ರಾತ್ರಿ ಕೇಳುಗರೇ ಧ್ವನಿಸಂದೇಶದಲ್ಲಿ "ಹೂಂ, ಆಮೇಲೆ?" ಎಂದು ಕಳಿಸತೊಡಗಿದರು.

ನಡುವೆ ಒಂದು ಹುಚ್ಚು. ಮಾತನ್ನು ತಾನೇ ಬರೆದುಕೊಳ್ಳುವ ತಂತ್ರಾಂಶಕ್ಕೆ ಚಂದ್ರಹಾಸನ ಕಥೆಯನ್ನು ಕೇಳಿಸಿದೆ. ಚಂದ್ರಹಾಸನನ್ನು ಕೊಲ್ಲಿಸಲು ಮಂತ್ರಿ ದುಷ್ಟಬುದ್ಧಿ "ವಿಷವ ಕೊಡು" ಎಂದು ಬರೆದ ಓಲೆಯನ್ನು ಅವನ ಮಗಳು ವಿಷಯೆ ಕಾಡಿಗೆಯಿಂದ ತನ್ನ ಹೆಸರಾಗುವಂತೆ ತಿದ್ದುತ್ತಾಳಲ್ಲ, ಈ ಯಂತ್ರ ಅವಳು ಬರುವ ಮೊದಲೇ "ವಿಷಯ ಕೊಡು" ಎಂದು ಬರೆದುಬಿಟ್ಟಿತು! ಚಂದ್ರಹಾಸ ಬದುಕಿದ, ನನ್ನ ಕಥೆ ಸತ್ತಿತು. ಈ ಕಥೆಯನ್ನು ಹೇಳುವ ಲಕ್ಷ್ಮೀಶ ಕವಿಯ ವಾರ್ಧಕ ಷಟ್ಪದಿಯ ಪದ್ಯಗಳಿಗಂತೂ ಅದು ಬಾಯಿಬಿಟ್ಟುಕೊಂಡು ಕುಳಿತಿತು.

ಇನ್ನು ದುಡ್ಡು. ಏಳು ರಾತ್ರಿಗೆ ಮುಂಗಡ 150 ರೂಪಾಯಿ ಎಂದಾಗ ಬಂದವರು ನಲವತ್ತು ಜನ. ಮುಂದಿನ ಸಲ ಏನನ್ನೂ ಕೇಳದೆ, ಮಂಗಳ ಹಾಡಿದ ಮೇಲೆ ಮಂಗಳಾರತಿ ತಟ್ಟೆಯ ಚಿತ್ರ ಕಳಿಸಿದೆ, ತಟ್ಟೆಯೊಳಗೆ ಕ್ಯೂಆರ್ ಕೋಡ್. 23,000 ರೂಪಾಯಿಯ ಆಸುಪಾಸು ಬಿತ್ತು. ಊರ ಜಾತ್ರೆಯಲ್ಲಿ ಮೂರು ಗಂಟೆ ಕುಣಿದರೂ ನನಗೆ ಅಷ್ಟು ದಕ್ಕಿದ್ದಿಲ್ಲ.

ಅಜ್ಜಿಗೆ ಪಾಲು ಕೊಡಲು ಹೋದರೆ "ಹೂಂ ಅನ್ನೋದಕ್ಕೂ ದುಡ್ಡೇ?" ಎಂದು ಬೈದರು. ಈಗ ಅವರೇ ಮುಂಗಡ ಕೇಳುತ್ತಾರೆ. ಸದ್ಯ ಮಗಳ ಮನೆಗೆ ಹೋಗಿದ್ದಾರೆ, ಹಾಗಾಗಿ ಮುಂದಿನ ಕಥೆಯನ್ನು ದಸರೆಗೆ ಮುಂದೂಡಿದ್ದೇನೆ.